ದೊಡ್ಡಮ್ಮನ ನೆಳ್ಳಿನ ಹಂಪಿ

ನಮ್ಮ ಕಂಪ್ಲಿ ದೊಡ್ಡಮ್ಮನನ್ನು ಹಂಪಿಯ ಬಗ್ಗೆ ಏನಾದರೂ ಕೇಳಿ ನೋಡಿ. ಯಾವ ಗುಡಿಯನ್ನು ಯಾವ ರಾಜ ಕಟ್ಟಿಸಿದ? ಗೊತ್ತಿಲ್ಲ. ಕಮಲ ಮಹಲಿನಲ್ಲಿ ಯಾರಿದ್ದರು? ಗೊತ್ತಿಲ್ಲ. ಮಹಾನವಮಿ ದಿಬ್ಬ ಯಾತಕ್ಕೆ ಕಟ್ಟಿದ್ದು? "ಯಾತಕ್ಕರ ಕಟ್ಟಿರ್ಲಿ, ಅಲ್ಲಿ ಒಂದು ಗಿಡ ಇಲ್ಲ. ಹತ್ತರ ಮ್ಯಾಲ ಆ ಕಡಿ ತಲಿ ಹಾಕಬ್ಯಾಡ್ರಿ" ಅನ್ನುತ್ತಾಳೆ. ಇಷ್ಟೆಲ್ಲ ಗೊತ್ತಿಲ್ಲದಿದ್ದರೂ ಹಂಪಿಯನ್ನು ನಮ್ಮ ದೊಡ್ಡಮ್ಮನಷ್ಟು ಬಲ್ಲವರು ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ! ನಗಬೇಡಿ. ಮೊದಲು ನಾನೂ ನಕ್ಕವಳೇ. ನಮ್ಮ ಮನೆಯವರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವರಿಗೇನಾಯಿತು ಎಂದು ಹೇಳುತ್ತೇನೆ, ಕೇಳಿ.

ದೊಡ್ಡಮ್ಮ ಎಂದರೆ ನನ್ನ ಅವ್ವನ ಅಕ್ಕ. ಎಪ್ಪತ್ತು ದಾಟಿದೆ. ಕಂಪ್ಲಿಯ ಅಕ್ಕಿ ಗಿರಣಿ ಮನೆಗೆ ಸೊಸೆಯಾಗಿ ಬಂದವಳು. ಈಗ ದೊಡ್ಡಪ್ಪ ಇಲ್ಲ, ಗಿರಣಿಯನ್ನು ಅವಳ ಮಗ, ನಮ್ಮ ಅಣ್ಣ, ನೋಡಿಕೊಳ್ಳುತ್ತಾನೆ. ದೊಡ್ಡಮ್ಮ ಅಣ್ಣನನ್ನು ನೋಡಿಕೊಳ್ಳುತ್ತಾಳೆ. ನಮ್ಮ ಬಳಗ ದಾವಣಗೆರೆ, ಗದಗ, ಕರ್ನೂಲು ಎಂದು ಎಲ್ಲೆಲ್ಲೋ ಹಂಚಿಹೋಗಿದ್ದರೂ ರಜೆ ಬಂತೆಂದರೆ ಎಲ್ಲರೂ ಬಂದು ಬೀಳುತ್ತಿದ್ದುದು ಆ ಮನೆಯಲ್ಲೇ. ಯಾಕೆ? ಹಂಪಿ ಹತ್ತಿರವಲ್ಲವೇ! ಬಂದವರನ್ನೆಲ್ಲ ಹಂಪಿಗೆ ಕರೆದುಕೊಂಡು ಹೋಗುವ ಕೆಲಸ ದೊಡ್ಡಮ್ಮನದು. ಹಾಗೆ ಎಷ್ಟು ಸಲ ಹೋಗಿದ್ದಾಳೋ ಅವಳಿಗೇ ಲೆಕ್ಕ ಸಿಕ್ಕಿಲ್ಲ.

ಹೋದ ವರ್ಷ ದಸರಾ ರಜೆಯಲ್ಲಿ ನಮ್ಮಿಬ್ಬರು ಮಕ್ಕಳಿಗೆ ಹಂಪಿ ತೋರಿಸಬೇಕೆಂದು ಮನಸ್ಸಾಯಿತು. ಮಗಳು ಇಂಚರಳಿಗೆ ಏಳು, ಮಗ ಚಿನ್ನುವಿಗೆ ನಾಲ್ಕು. ನಾವಿರುವುದು ತುಮಕೂರಿನಲ್ಲಿ. ನಮ್ಮ ಮನೆಯವರು ಇಂಜಿನಿಯರು. ಸುಮ್ಮನೆ ಹೊರಡುವ ಪೈಕಿ ಅಲ್ಲ. ಒಂದು ವಾರ ಕಂಪ್ಯೂಟರಿನ ಮುಂದೆ ಕೂತು ಬಣ್ಣಬಣ್ಣದ ಕಾಲಮ್ಮುಗಳಲ್ಲಿ ಒಂದು ಪ್ಲ್ಯಾನು ತಯಾರಿಸಿದರು. ಮೂರು ದಿನ, ಮೂವತ್ತೊಂದು ಸ್ಥಳ! "ಬೆಳಗ್ಗೆ 9.40ರಿಂದ 10.05, ಕಮಲ ಮಹಲ್. 10.05ರಿಂದ 10.10, ಮಕ್ಕಳಿಗೆ ನೀರು." ಮಕ್ಕಳಿಗೆ 10.20ಕ್ಕೆ ಬಾಯಾರಿದರೆ? ಅದಕ್ಕೆ ಕಾಲಮ್ಮು ಇರಲಿಲ್ಲ. ಮೇಲೆ ದಪ್ಪಕ್ಷರದಲ್ಲಿ "ಆರಾಮದ ಪ್ರವಾಸ" ಎಂದು ಬೇರೆ ಬರೆದಿದ್ದರು.

ನಾನು ದೊಡ್ಡಮ್ಮನಿಗೆ ಫೋನು ಮಾಡಿ ಬರುತ್ತಿದ್ದೇವೆ ಎಂದೆ. ಅವಳು ಕೇಳಿದ ಮೊದಲ ಪ್ರಶ್ನೆ ಇದು.

"ಸಣ್ಣದು ಹೇಳಿ ಹೋಗ್ತೈತೋ, ಹೇಳದ ಹೋಗ್ತೈತೋ?"

"ಹೇಳ್ತಾನ ದೊಡ್ಡಮ್ಮಾ. ಆದ್ರ ಹೇಳಿದ ಮ್ಯಾಲ ಟೈಮ್ ಕೊಡಂಗಿಲ್ಲ."

"ಹಂಗಾದ್ರ ನಾನೂ ಬರ್ತೀನಿ. ನಿಮ್ಮಿಬ್ಬರ ಕೈಲೆ ಆಗಂಗಿಲ್ಲ."

ಇವರು ತಮ್ಮ ಪ್ಲ್ಯಾನನ್ನು ಅಣ್ಣನ ಮೊಬೈಲಿಗೆ ಕಳಿಸಿದರು. ಅಣ್ಣ ಓದಿ ಹೇಳಿದನಂತೆ. ಸಂಜೆಗೆ ದೊಡ್ಡಮ್ಮನ ಫೋನು ಬಂತು, ನೇರವಾಗಿ ಇವರಿಗೇ.

"ಅಳಿಯಾರ, ಭಾಳ ಚೆಂದ ಬರದೀರಿ. ಆದ್ರ ಇದು ತಿರುಗಾಟ ಅಲ್ರಿ, ಓಟ. ಮೂವತ್ತೊಂದು ಕಲ್ಲು ತೋರಿಸಿದ್ರ ಹುಡುಗ್ರಿಗೆ ಒಂದೂ ನೆನಪಿರಂಗಿಲ್ಲ. ನಾ ಒಂದು ಬರದು ಕಳಸ್ತೀನಿ, ನೋಡ್ರಿ."

ಮಾರನೇ ದಿನ ಒಂದು ಫೋಟೊ ಬಂತು. ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದ ಹಂಪಿಯ ನಕ್ಷೆ. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕಿದ್ದು ಆಗಲೇ. ಏಕೆಂದರೆ ಆ ನಕ್ಷೆಯಲ್ಲಿ ಒಂದೇ ಒಂದು ಗುಡಿ ಇರಲಿಲ್ಲ! ಇದ್ದದ್ದು ಬರೀ ಗಿಡ. "ಹುಣಸಿ ಗಿಡ ದೊಡ್ಡದು. ನಳ ಐತಿ. ಮಂಗ್ಯಾ ಅದಾವ." "ಬೇವಿನ ಗಿಡ. ಹತ್ತೂವರಿ ತನಕ ನೆಳ್ಳು. ಎಳನೀರು ಮಾರೋ ಹೆಣ್ಮಗಳು ಕುರ್ಚಿ ಕೊಡ್ತಾಳ." "ಸಂಡಾಸು. ಒಳಗಿಂದ ಚಿಲಕ ಹಾಕಬ್ಯಾಡ್ರಿ, ತೆಗಿಯಾಕ ಬರಂಗಿಲ್ಲ." ಕೆಳಗೆ ಗೆರೆ ಎಳೆದು ನಿಯಮ ಬರೆದಿದ್ದಳು. ದಿನಕ್ಕೆ ಒಂದೇ ಜಾಗ. ಬೆಳಗ್ಗೆ ಆರೂವರೆಗೆ ಹೊರಡುವುದು, ಹತ್ತೂವರೆಗೆ ಮುಗಿಸುವುದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎಲ್ಲರೂ ಮಲಗುವುದು. "ಎಲ್ಲರೂ" ಎಂಬುದರ ಕೆಳಗೆ ಎರಡು ಗೆರೆ!

"ನಿಮ್ಮ ದೊಡ್ಡಮ್ಮ ಅರಣ್ಯ ಇಲಾಖೇಲಿ ಇದ್ರಾ?" ಎಂದು ಇವರು ಕೇಳಿದರು.

ಕಂಪ್ಲಿ ಮುಟ್ಟಿದ್ದು ಒಂದು ಮಧ್ಯಾಹ್ನ. ಮಕ್ಕಳು ಕಾರಿನಿಂದ ಇಳಿಯುತ್ತಿದ್ದಂತೆ ದೊಡ್ಡಮ್ಮ ಅವರನ್ನು ಮನೆಯೊಳಗೆ ಬಿಡಲಿಲ್ಲ. ಸೀದಾ ಗಿರಣಿಗೆ ಕರೆದುಕೊಂಡು ಹೋಗಿ, ಅಕ್ಕಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿದಳು. ಇದು ಆ ಮನೆಯ ಪದ್ಧತಿ. ಬಂದಾಗೊಮ್ಮೆ ತೂಕ, ಹೋಗುವಾಗೊಮ್ಮೆ ತೂಕ. ಹೋಗುವಾಗ ಮಗು ಹಗುರಾಗಿದ್ದರೆ ದೊಡ್ಡಮ್ಮ ಬಿಡುವುದಿಲ್ಲ! ನಮ್ಮ ಗದಗಿನ ಚಿಕ್ಕಮ್ಮನ ಮಗ ಒಮ್ಮೆ ಜ್ವರ ಬಂದು ಅರ್ಧ ಕಿಲೋ ಇಳಿದನೆಂದು ಅವನನ್ನು ಇನ್ನೂ ಐದು ದಿನ ಇರಿಸಿಕೊಂಡು, ಹೋಳಿಗೆ ತುಪ್ಪ ತಿನ್ನಿಸಿ, ಕಾಟಾ ಒಪ್ಪಿದ ಮೇಲೆಯೇ ಬಸ್ಸು ಹತ್ತಿಸಿದ್ದಳು. ಅವನ ಶಾಲೆ ಶುರುವಾಗಿ ಮೂರು ದಿನವಾಗಿತ್ತು. "ಸಾಲಿ ಎಲ್ಲಿಗೆ ಓಡಿ ಹೋಗ್ತೈತಿ?" ಎಂದಳಂತೆ.

ಆ ದಿನ ಪೂರ್ತಿ ಏನೂ ನೋಡುವಂತಿಲ್ಲ, ಅದೂ ದೊಡ್ಡಮ್ಮನ ಪ್ಲ್ಯಾನಿನಲ್ಲೇ ಇತ್ತು. ಅವಳ ಊರಿಗೆ ಬಂದ ಮೇಲೆ ಅವಳ ಪ್ಲ್ಯಾನೇ ನಡೆಯುವುದು. "ಇವತ್ತು ಹುಡುಗ್ರು ಈ ಊರಿನ ನೀರು ಕುಡದು ರೂಢಿ ಮಾಡ್ಕೊಳ್ಳಿ" ಎಂದಳು. ಇವರಿಗೆ ಕೂತಲ್ಲಿ ಕೂರಲಾಗಲಿಲ್ಲ. "ಕೋಟೆ ಇದೆಯಂತಲ್ಲ ಅತ್ತೆ, ಹೊಳೆ ದಂಡೇಲಿ? ಹಾಗೇ ಹೋಗಿ ಒಂದು ಫೋಟೊ..." ಎಂದರು. "ಕ್ವಾಟಿ ನಾಳಿಗೂ ಇರ್ತೈತಿ, ಕುಂದ್ರಿ" ಎಂದು ಅವರ ಕೈಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಟ್ಟಳು. ಮಕ್ಕಳು ಗೋದಾಮಿನಲ್ಲಿ ಚೀಲದ ಗುಡ್ಡ ಹತ್ತಿ ಇಳಿದು, ತೌಡಿನ ವಾಸನೆಯಲ್ಲಿ ಮಿಂದು, ಸಂಜೆ ಹೊಳೆಯಲ್ಲಿ ಎಮ್ಮೆ ಮೈ ತೊಳೆಯುವುದನ್ನು ಒಂದು ತಾಸು ಬಾಯಿ ಬಿಟ್ಟುಕೊಂಡು ನೋಡಿದರು. ಇಂಚರ ವಾಪಸು ಬಂದು ಅಪ್ಪನಿಗೆ ವರದಿ ಒಪ್ಪಿಸಿದಳು: "ಅಪ್ಪಾ, ಹಂಪಿ ತುಂಬಾ ಚೆನ್ನಾಗಿದೆ!"

ಮರುದಿನ ಆರೂವರೆಗೆ ಹೊರಟೆವು. ದೊಡ್ಡಮ್ಮನ ಸಾಮಾನು ನೋಡಿ ಇವರು ಬೆಚ್ಚಿಬಿದ್ದರು. ಜಮಖಾನ, ಎರಡು ಕೊಡೆ, ಒದ್ದೆ ಟವೆಲ್ಲಿನ ಡಬ್ಬಿ, ಚಪಾತಿ ಶೇಂಗಾ ಚಟ್ನಿ, ಮೊಸರನ್ನ, ಒಂದು ಪ್ಲಾಸ್ಟಿಕ್ ಮಗ್ಗು, ಮಂಗಗಳನ್ನು ಹೆದರಿಸಲು ಒಂದು ಕೋಲು. ಎಣಿಸಿದರೆ ಒಂಬತ್ತು ಚೀಲ. ವಿರೂಪಾಕ್ಷನ ಗುಡಿಯ ಹತ್ತಿರ ಇಳಿದ ಕೂಡಲೇ ಅವಳು ಯಾವ ಕಡೆಯೂ ನೋಡದೆ ಒಂದು ಮರದ ಬುಡಕ್ಕೆ ನಡೆದು ಜಮಖಾನ ಹಾಸಿದಳು. ಹಣ್ಣು ಕಾಯಿ ಮಾರುವವಳು "ಅಮ್ಮಾರ, ಈ ಸಲ ಭಾಳ ದಿವ್ಸಕ್ಕ ಬಂದ್ರೆಲ್ಲ!" ಎಂದು ಎದ್ದು ಬಂದಳು. ಚಪ್ಪಲಿ ಕಾಯುವ ಮುದುಕ ನಮಸ್ಕಾರ ಮಾಡಿದ. ಶಾಸಕರು ಬಂದರೂ ಇಷ್ಟು ಮರ್ಯಾದೆ ಸಿಗುತ್ತದೋ ಇಲ್ಲವೋ!

"ಹೋಗಿ ಬರ್ರಿ. ಆನಿ ಹೊಳಿಗೆ ಸ್ನಾನಕ್ಕ ಹೋಗೋ ಹೊತ್ತು. ಮೊದ್ಲು ಆನಿ, ಆಮ್ಯಾಲ ದೇವ್ರು. ದೇವ್ರು ಅಲ್ಲೇ ಇರ್ತಾನ, ಆನಿ ಇರಂಗಿಲ್ಲ" ಎಂದಳು.

ಮಕ್ಕಳು ಹೊಳೆಯ ಮೆಟ್ಟಿಲ ಮೇಲೆ ಕೂತು ಆನೆಯ ಸ್ನಾನ ಇಡಿಯಾಗಿ ನೋಡಿದರು. ಗುಡಿಯೊಳಗೆ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಜಾಗದಲ್ಲಿ ಇವರು ವಿಜ್ಞಾನ ವಿವರಿಸಿದರು. ಚಿನ್ನು ತಾನೂ ತಲೆಕೆಳಗಾಗಿ ನಿಂತು ಅದನ್ನು ಸರಿಯಾಗಿ ನೋಡಿದ. ಅವಸರವಿಲ್ಲ, ಅಳುವಿಲ್ಲ. ನಾನು ಮದುವೆಯಾದ ಮೇಲೆ ಮಕ್ಕಳ ಜೊತೆ ಒಂದು ಗುಡಿಯಲ್ಲಿ ಕಂಬದ ಮೇಲಿನ ಕೆತ್ತನೆ ನಿಂತು ನೋಡಿದ್ದು ಅದೇ ಮೊದಲು.

ಹೊರಗೆ ಬಂದು ನೋಡುತ್ತೇವೆ, ದೊಡ್ಡಮ್ಮ ಕಾಣುವುದಿಲ್ಲ! ಆ ಮರದ ಬುಡದಲ್ಲಿ ಬರೀ ಚೀಲಗಳ ರಾಶಿ. ಹತ್ತಿರ ಹೋದರೆ ರಾಶಿಯ ನಡುವೆ ಅವಳ ಮುಖ. ಯಾವುದೋ ಊರಿನ ಹೆಣ್ಣುಮಕ್ಕಳು ಬಸ್ಸು ಇಳಿದವರೇ ಇವಳನ್ನು ನೋಡಿ, "ಅಮ್ಮಾ, ಸ್ವಲ್ಪ ನಮ್ಮ ಬ್ಯಾಗು..." ಎಂದಿದ್ದಾರೆ. ಅವರದನ್ನು ನೋಡಿ ಇನ್ನೊಬ್ಬರು. ಮಹಾರಾಷ್ಟ್ರದ ಒಂದು ಕುಟುಂಬ ಮಲಗಿದ ಕೂಸನ್ನೇ ಅವಳ ತೊಡೆಯ ಮೇಲೆ ಬಿಟ್ಟು ಹೋಗಿತ್ತು! ಅವರಿಗೆ ಕನ್ನಡ ಬಾರದು, ಇವಳಿಗೆ ಮರಾಠಿ ಬಾರದು.

"ಯಾರು ಏನು ಗೊತ್ತಿಲ್ಲದೆ ಮಗು ಬಿಟ್ಟು ಹೋಗ್ತಾರಾ?" ಎಂದು ಇವರು ತಲೆ ಚಚ್ಚಿಕೊಂಡರು.

"ನನ್ನ ಮುಖ ನೋಡಿದ್ರ ಗೊತ್ತಾಗ್ತೈತ್ರಿ" ಎಂದಳು ದೊಡ್ಡಮ್ಮ, ಕೂಸಿನ ಮೇಲಿನ ನೊಣ ಓಡಿಸುತ್ತಾ.

ಅಂದು ಮಧ್ಯಾಹ್ನ, ಎರಡು ದಿನಕ್ಕೆಂದು ಹಿಡಿದಿದ್ದ ಹೊಸಪೇಟೆಯ ಲಾಡ್ಜಿಗೆ ಬಂದು ಊಟ ಮಾಡಿದ ಮೇಲೆ ನಿಯಮದಂತೆ ಪರದೆ ಎಳೆದು ಎಲ್ಲರನ್ನೂ ಮಲಗಿಸಿದಳು. ಇವರು "ನಂಗೆ ಹಗಲು ನಿದ್ದೆ ಬರಲ್ಲ ಅತ್ತೆ, ಅಭ್ಯಾಸ ಇಲ್ಲ" ಎಂದು ಲ್ಯಾಪ್‌ಟಾಪು ತೆಗೆದರು. "ಬರ್ಲಿ ಬಿಡ್ಲಿ, ಕಣ್ಣು ಮುಚ್ರಿ" ಎಂದಳು ದೊಡ್ಡಮ್ಮ. ನಾಲ್ಕಕ್ಕೆ ಮಕ್ಕಳು ಎದ್ದರು. ನಾಲ್ಕೂವರೆಗೆ ನಾನು ಎದ್ದೆ. ಇವರು ಎದ್ದದ್ದು ಆರಕ್ಕೆ, ಎದ್ದವರೇ ಹಲ್ಲುಜ್ಜಲು ಹೋದರು! "ಇವತ್ತು ಯಾವ ವಾರ?" ಎಂದು ನನ್ನನ್ನು ಕೇಳಿದರು. ಹತ್ತು ವರ್ಷದಲ್ಲಿ ಇವರ ಮುಖ ಅಷ್ಟು ತಿಳಿಯಾಗಿದ್ದುದನ್ನು ನಾನು ನೋಡಿರಲಿಲ್ಲ.

ಆದರೆ ಇಂಜಿನಿಯರುಗಳು ಅಷ್ಟು ಸುಲಭಕ್ಕೆ ಸೋಲುವವರಲ್ಲ. ಮೂರನೇ ದಿನ ಉಗ್ರನರಸಿಂಹನನ್ನು ನೋಡುವುದು. ನೋಡಿ ಮುಗಿಯಿತು, ಹತ್ತೂವರೆಯೂ ಆಯಿತು. ದೊಡ್ಡಮ್ಮ ಅಷ್ಟು ದೂರದ ಮರದ ಕೆಳಗಿನಿಂದಲೇ ಬನ್ನಿ ಎಂದು ಕೈ ಬೀಸಿದಳು. ಇವರು ನನ್ನ ಕಿವಿಯಲ್ಲಿ, "ಪಕ್ಕದಲ್ಲೇ ಬಡವಿಲಿಂಗ. ಆಮೇಲೆ ಸ್ವಲ್ಪ ಮೇಲೆ ಹೋದರೆ ಕೃಷ್ಣನ ಗುಡಿ. ನಲವತ್ತು ನಿಮಿಷದಲ್ಲಿ ಎರಡೂ ಆಗುತ್ತೆ. ಬಾ" ಎಂದರು. ನಾನು ಹೂಂ ಎಂದೆ. ಮೂವತ್ತೊಂದರಲ್ಲಿ ಎರಡು ತಾನೇ, ಹೋಗಲಿ ಎನಿಸಿತು.

ಬಡವಿಲಿಂಗದ ಮುಂದೆ ಎಲ್ಲರೂ ಚಪ್ಪಲಿ ಬಿಟ್ಟೆವು. ನೀರಿನಲ್ಲಿ ನಿಂತ ಆ ದೊಡ್ಡ ಲಿಂಗವನ್ನು ನೋಡಿ, ಇವರು ಮೊಬೈಲು ತೆಗೆದು ಅದರ ಚರಿತ್ರೆ ಓದತೊಡಗಿದರು. ನಾನು ಇಂಚರಳ ಜಡೆ ಕಟ್ಟುತ್ತಿದ್ದೆ. ಓದಿ ಮುಗಿದು ತಲೆ ಎತ್ತಿದರೆ ಚಿನ್ನು ಇಲ್ಲ.

ಮೊದಲು ಹೆಸರು ಹಿಡಿದು ಕರೆದೆ. ಆಮೇಲೆ ಕೂಗಿದೆ. ಆಮೇಲೆ ಕೂಗಿದ್ದು ನನ್ನ ದನಿಯೇ ಅಲ್ಲ. ಇವರು ನರಸಿಂಹನ ಕಡೆ ಓಡಿದರು, ನಾನು ರಸ್ತೆಯ ಕಡೆ ಓಡಿದೆ. ಇಂಚರ ಅಳುತ್ತಾ ನಿಂತಲ್ಲೇ ನಿಂತಳು. ಬಂದವರೆಲ್ಲ "ಏನಾಯ್ತು, ಯಾವ ಅಂಗಿ, ಎಷ್ಟು ವಯಸ್ಸು" ಎಂದು ಸುತ್ತ ನೆರೆದರು. ಯಾರೋ "ಹಿಂದ್ಗಡೆ ಕಾಲುವೆ ಐತಲ್ರೀ" ಎಂದರು.

ಅಷ್ಟು ಹೊತ್ತಿಗೆ ದೊಡ್ಡಮ್ಮ ಬಂದಳು. ಒಂಬತ್ತೂ ಚೀಲ ಬಿಟ್ಟು ಬಂದಿದ್ದಳು. ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಚಪ್ಲಿ ಹಾಕ್ಕೊಂಡಾನೇನು?"

ನೋಡಿದರೆ ಚಿನ್ನುವಿನ ಪುಟ್ಟ ನೀಲಿ ಚಪ್ಪಲಿ ಅಲ್ಲೇ ಬಿದ್ದಿತ್ತು.

"ಬರಿಗಾಲಾಗ ಅದಾನ. ನೆಲ ಕಾದೈತಿ, ಬಿಸಲಾಗ ನಾಕು ಹೆಜ್ಜಿ ಇಡಾಕ ಬರಂಗಿಲ್ಲ. ನೆಳ್ಳು ಹಿಡದ ಹೋಗಿರ್ತಾನ. ಈ ಹೊತ್ತಿನ್ಯಾಗ ನೆಳ್ಳಿರೋದು ಈ ಗ್ವಾಡಿ ಮಗ್ಗಲಿಗೆ ಒಂದ." ಹೀಗೆ ಹೇಳಿ ನನ್ನ ಕೈ ಹಿಡಿದು ನಡೆದಳು. ಗೋಡೆಯ ನೆರಳು ಒಂದು ಮಾರು ಅಗಲವಿತ್ತು. ಅದು ಮುಗಿದಲ್ಲಿ ಒಂದು ಮರದ ನೆರಳು. ಅದು ಮುಗಿದಲ್ಲಿ ಬಾಳೆ ತೋಟದ ಅಂಚು. ದೊಡ್ಡಮ್ಮ ಓಡಲಿಲ್ಲ, ನೆರಳು ಬಿಟ್ಟು ಒಂದು ಹೆಜ್ಜೆ ಆಚೆ ಇಡಲಿಲ್ಲ.

ಬಾಳೆಯ ಸಾಲಿನ ನಡುವಿನ ಸಣ್ಣ ನೀರು ಕಾಲುವೆಯಲ್ಲಿ ಕಾಲು ಇಳಿಬಿಟ್ಟುಕೊಂಡು ನಮ್ಮ ಚಿನ್ನು ಕೂತಿದ್ದ! ಬಾಯಲ್ಲಿ ಬಾಳೆಹಣ್ಣು. ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು, "ನಿಮ್ದೇನ್ರಿ ಇದು? ಹೆಸರು ಕೇಳಿದ್ರ ಹೇಳವಲ್ದು, ಹಣ್ಣು ಕೊಟ್ರ ಬ್ಯಾಡ ಅನ್ನವಲ್ದು. ಯಾರರ ಬರ್ತಾರಂತ ಕುಂದ್ರಿಸಿಕೊಂಡೀನಿ" ಎಂದಳು. ದೊಡ್ಡ ಕಾಲುವೆ ಅಲ್ಲಿಂದ ಇಪ್ಪತ್ತು ಹೆಜ್ಜೆ.

ನಾನು ಅವನನ್ನು ಎತ್ತಿಕೊಂಡು ಅತ್ತೆ. ಇವರು ಓಡಿ ಬಂದು ಇಬ್ಬರನ್ನೂ ಅಪ್ಪಿಕೊಂಡರು. ಎಲ್ಲ ಮುಗಿದ ಮೇಲೆ ತಿರುಗಿ ನೋಡಿದರೆ ದೊಡ್ಡಮ್ಮ ನೆಲದ ಮೇಲೆ ಕೂತುಬಿಟ್ಟಿದ್ದಳು. ಕೆಸರೋ ಮುಳ್ಳೋ ನೋಡಿರಲಿಲ್ಲ. ನಡುಬಿಸಿಲು! ಎರಡು ಹೆಜ್ಜೆಯಲ್ಲಿ ಬಾಳೆಯ ನೆರಳಿತ್ತು, ಅಲ್ಲಿಗೆ ಹೋಗುವಷ್ಟು ಶಕ್ತಿ ಅವಳಿಗಿರಲಿಲ್ಲ.

"ನಿನಗೆಂಗ ಗೊತ್ತಾತು ದೊಡ್ಡಮ್ಮಾ?" ಎಂದೆ, ಅವಳ ಪಕ್ಕ ಕೂತು.

"ನೀನೂ ಇಲ್ಲೇ ಸಿಕ್ಕಿದ್ದೆಲ್ಲ" ಎಂದಳು. "ನಾಕು ವರ್ಷದಾಕಿ. ಬರಿಗಾಲು. ನಿಮ್ಮವ್ವ ಒಳಗ ಕೈ ಮುಗಿಯಾಕ ಹೋಗಿದ್ಲು. ಆಕಿ ಹೊರಗ ಬರೂದ್ರೊಳಗ ನಿನ್ನ ತಂದು ಕುಂದ್ರಿಸಿದ್ದೆ. ನಿಮ್ಮವ್ವಗ ಇನ್ನೂ ಹೇಳಿಲ್ಲ. ನೀನೂ ಹೇಳಬ್ಯಾಡ, ಬೈತಾಳ!"

ನನ್ನ ಅವ್ವನಿಗೆ ಆಗ ಅರವತ್ತಾರು. ನನಗೆ ನಲವತ್ತು. ಬೈಗುಳಕ್ಕೆ ಹೆದರಿ ದೊಡ್ಡಮ್ಮ ಮೂವತ್ತಾರು ವರ್ಷ ಗುಟ್ಟು ಇಟ್ಟುಕೊಂಡಿದ್ದಳು! ಅಂದು ಲಾಡ್ಜಿಗೆ ಬಂದ ಮೇಲೆ ಇವರು ಯಾರೂ ಹೇಳದೆಯೇ ತಮ್ಮ ಬಣ್ಣದ ಕಾಲಮ್ಮುಗಳನ್ನು ಮೊಬೈಲಿನಿಂದ ಅಳಿಸಿ ಹಾಕಿದರು. ಕ್ಯಾಲೆಂಡರ್ ಹಾಳೆಯ ಫೋಟೊವನ್ನು ಹಾಗೇ ಇಟ್ಟುಕೊಂಡರು. ಒಂದು ಗಂಟೆ ಹೊಡೆಯಿತೋ ಇಲ್ಲವೋ ತಾವೇ ಎದ್ದು ಪರದೆ ಎಳೆದರು.

ನಾಲ್ಕನೇ ದಿನ ಸಂಡೂರು. ಚೀಲಗಳನ್ನೆಲ್ಲ ಕಾರಿಗೆ ತುಂಬಿ, ಲಾಡ್ಜು ಖಾಲಿ ಮಾಡಿ ಹೊರಟೆವು. ಸಂಡೂರು ನೋಡಿ, ವಾಪಸು ದೊಡ್ಡಮ್ಮನನ್ನು ಕಂಪ್ಲಿಗೆ ಬಿಡುವುದೆಂದು ಮಾತು. ಅದಿರಿನ ಲಾರಿಗಳ ಹಿಂದೆ ಹಿಂದೆಯೇ ಹೋದೆವು. ಕೆಂಪು ಧೂಳು ರಸ್ತೆ, ಮರ, ಅಂಗಡಿ, ನಾಯಿ ಯಾವುದನ್ನೂ ಬಿಟ್ಟಿರಲಿಲ್ಲ. ಆ ಧೂಳು ದಾಟಿದ ಮೇಲೆ ಗುಡ್ಡ ಶುರು, ಹಸಿರು ಶುರು. ದೊಡ್ಡಮ್ಮ ಇದ್ದಕ್ಕಿದ್ದಂತೆ, "ಅಳಿಯಾರ, ಇಲ್ಲೊಂದು ಚೂರು ನಿಂದರ್ಸ್ರಿ. ಇನ್ನ ಎರಡು ತಿರುವಿಗೆ ಹುಡುಗಿ ವಾಂತಿ ಮಾಡ್ತಾಳ" ಎಂದಳು.

"ನಂಗೇನೂ ಆಗ್ತಿಲ್ಲ ಅಜ್ಜಿ, ಆರಾಮಾಗಿದೀನಿ!" ಎಂದಳು ಇಂಚರ, ಚಕ್ಕುಲಿ ಕಡಿಯುತ್ತಾ.

"ಆರಾಮಾಗಿದಾಳಲ್ಲ ಅತ್ತೆ" ಎಂದರು ಇವರು. ಹಿಂದೆ ಲಾರಿ ಹಾರನ್ನು ಹೊಡೆಯುತ್ತಿತ್ತು, ನಿಲ್ಲಿಸಲಿಲ್ಲ.

ಒಂದು ತಿರುವು ಆಯಿತು. ದೊಡ್ಡಮ್ಮ ಪ್ಲಾಸ್ಟಿಕ್ ಮಗ್ಗು ತೆಗೆದಳು. ಎರಡನೇ ತಿರುವು ಬಂತು. ಮಗ್ಗು ಇಂಚರಳ ಗಲ್ಲದ ಕೆಳಗೆ ಹೋಗುವುದಕ್ಕೂ, ಇಂಚರ ಬಾಯಿ ತೆರೆಯುವುದಕ್ಕೂ ಸರಿಹೋಯಿತು! ಸೀಟಿನ ಮೇಲೆ ಒಂದು ಹನಿ ಬೀಳಲಿಲ್ಲ. ಕೂಡಲೇ ಒದ್ದೆ ಟವೆಲ್ಲು, ಕೂಡಲೇ ನಿಂಬೆಹುಳಿ ಪೆಪ್ಪರಮೆಂಟು. "ನಿಮ್ಮ ಬಳಗದಾಗ ಆ ತಿರುವು ದಾಟಿದ ಹುಡುಗ್ರು ಯಾರೂ ಇಲ್ಲ" ಎಂದಳು. ಇವರು ಕನ್ನಡಿಯಲ್ಲಿ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ತಮ್ಮ ಚೀಫ್ ಇಂಜಿನಿಯರನ್ನೂ ಅವರು ಹಾಗೆ ನೋಡಿದ್ದಿಲ್ಲ.

ಸಂಡೂರಿನಲ್ಲಿ ನಾವು ನೋಡಿದ್ದು ಒಂದೇ, ಗುಡ್ಡಗಳ ನಡುವಿನ ಕೆರೆಯಂಥ ಅಣೆಕಟ್ಟು. ಅದರ ದಂಡೆಯಲ್ಲಿ ಮೊಸರನ್ನ ತಿಂದು, ನೀರಿಗೆ ಕಲ್ಲು ಎಸೆದು, ಕಾರಿನಲ್ಲೇ ಕಾಲು ಮಡಿಚಿ, ಅಂದಿನ ಮಟ್ಟಿಗೆ ಒಂದೇ ತಾಸು, ಮಲಗಿ ಎದ್ದೆವು. ಪಾರಂಪರಿಕ ಪ್ರವಾಸ ಎಂದರೆ ಇದೂ ಸೇರುತ್ತದೆಯೇ? ಸೇರದಿದ್ದರೆ ಸೇರಿಸಿಕೊಳ್ಳಿ!

ವಾಪಸು ಬರುವಾಗ ಹೊಸಪೇಟೆ ದಾಟಿ ಕಮಲಾಪುರದ ಹತ್ತಿರ ಬಂದಿದ್ದೆವು. ಮೂರೂವರೆ ಆಗಿರಬಹುದು. ಇಂಚರ ಶಾಲೆಯಲ್ಲಿ ಬರೆಯಬೇಕಾದ ಪ್ರಬಂಧಕ್ಕೆ ತಯಾರಿ ನಡೆಸಿದ್ದಳು. ಎಲ್ಲರನ್ನೂ ಒಂದೊಂದು ಪ್ರಶ್ನೆ ಕೇಳುತ್ತಾ ಬಂದು, "ಅಜ್ಜೀ, ಹಂಪೀಲಿ ನಿಂಗೆ ಯಾವುದು ತುಂಬಾ ಇಷ್ಟ? ಕಲ್ಲಿನ ರಥಾನೋ, ಆನೆ ಲಾಯಾನೋ?" ಎಂದಳು.

"ನಾ ಎರಡೂ ನೋಡಿಲ್ಲವ್ವ" ಎಂದಳು ದೊಡ್ಡಮ್ಮ. ಅದೂ ಹೇಗೆ? ಚಹಾ ಕುಡಿದಿಲ್ಲ ಎಂದಷ್ಟು ಸಲೀಸಾಗಿ!

ಇಂಚರ ನಂಬಲಿಲ್ಲ. "ಸುಳ್ಳು! ನೀನು ದಿನಾ ಬರ್ತಿದ್ದೆ ಅಂತ ಅಮ್ಮ ಹೇಳಿದಾಳೆ."

"ಬರ್ತಿದ್ದೆ. ಹೊರಗ ಕುಂದರ್ತಿದ್ದೆ. ಎಲ್ಲರೂ ಒಳಗ ಹೋದ್ರ ಬ್ಯಾಗು ಯಾರು ನೋಡ್ಬೇಕು? ಕೂಸುಗಳು ಯಾರ ಹತ್ರ ಇರ್ಬೇಕು? ಒಳಗ ಹೋದವ್ರು ಬಂದು ಹೇಳ್ತಿದ್ರಲ್ಲ, ಹಂಗೈತಿ ಹಿಂಗೈತಿ ಅಂತ. ಅಷ್ಟ ಸಾಕಾಗ್ತಿತ್ತು."

ನಾನು ಲೆಕ್ಕ ಹಾಕುತ್ತಿದ್ದೆ. ನಾನೇ ಎಷ್ಟು ಸಲ ಅವಳ ಮಡಿಲಿಗೆ ನನ್ನ ಚೀಲ ಎಸೆದು ಒಳಗೆ ಓಡಿಲ್ಲ! ಮೊನ್ನೆ ವಿರೂಪಾಕ್ಷನಲ್ಲಿ? ನಿನ್ನೆ ನರಸಿಂಹನಲ್ಲಿ? "ನೀನೂ ಬಾ" ಎಂದು ಒಂದು ಸಲವಾದರೂ ಕರೆದೆನೆ? ಅವಳಿಗೆ ಗುಡಿಗಳ ಹೆಸರು ಗೊತ್ತಿಲ್ಲ ಎಂದು ನಕ್ಕಿದ್ದೆವು. ಗೊತ್ತಾಗುವುದಾದರೂ ಹೇಗೆ?

ಇವರು ಕಾರನ್ನು ಆನೆ ಲಾಯದ ದಾರಿಗೆ ತಿರುಗಿಸಿದರು.

"ಇದ್ಯಾಕ್ರಿ ಅಳಿಯಾರ? ಇವತ್ತಿಂದು ಮುಗದೈತಿ. ದಿನಕ್ಕ ಒಂದ!" ಎಂದು ದೊಡ್ಡಮ್ಮ ತಕರಾರು ತೆಗೆದಳು.

"ಮಕ್ಕಳಿಗೆ ದಿನಕ್ಕೊಂದು ಅತ್ತೆ. ನಿಮಗೆ ಇನ್ನೂ ಶುರುವೇ ಆಗಿಲ್ಲ" ಎಂದರು ಇವರು.

ಇಳಿದ ಮೇಲೆ ದೊಡ್ಡ ಫಜೀತಿ. ದೊಡ್ಡಮ್ಮ ಚೀಲ ಇಳಿಸಲು ಹೊರಟಳು. ಬೇಡ, ಕಾರಿನಲ್ಲೇ ಇರಲಿ, ಲಾಕ್ ಮಾಡಿದೆ ಎಂದರು ಇವರು. ಅವಳು ಹತ್ತು ಹೆಜ್ಜೆ ನಡೆದು ವಾಪಸು ಹೋಗಿ ಬಾಗಿಲು ಎಳೆದು ನೋಡಿದಳು. ಇನ್ನು ಹತ್ತು ಹೆಜ್ಜೆ ನಡೆದು ಮತ್ತೆ ಹೋದಳು. ಕೊನೆಗೆ ಇಂಚರ ಒಂದು ಕೈ, ಚಿನ್ನು ಒಂದು ಕೈ ಹಿಡಿದುಕೊಂಡು ಎಳೆದರು. ಖಾಲಿ ಭುಜದಲ್ಲಿ ಅವಳು ನಡೆಯುವ ರೀತಿಯೇ ಬೇರೆ. ಎಲ್ಲೋ ಏನೋ ಬಿಟ್ಟು ಬಂದವರ ಹಾಗೆ ಆಗಾಗ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಹುಲ್ಲುಹಾಸಿನ ಪಕ್ಕದ ಮರದ ಹತ್ತಿರ ಬಂದಾಗ ಅಭ್ಯಾಸಬಲದಿಂದ ಕಾಲು ಆ ಕಡೆ ಹೊರಳಿತು. ಚಿನ್ನು ಬಿಡಲಿಲ್ಲ. ಸಾಲಾಗಿ ನಿಂತ ಹನ್ನೊಂದು ಕೋಣೆಗಳಲ್ಲಿ ಮೊದಲನೆಯದರ ಎತ್ತರದ ಬಾಗಿಲಿನೊಳಗೆ ದೊಡ್ಡಮ್ಮ ಕಾಲಿಟ್ಟಳು. ಇಟ್ಟವಳು ಹಾಗೇ ನಿಂತಳು. ಗೋಡೆಗೆ ಅಂಗೈ ಒತ್ತಿದಳು. ತಲೆ ಎತ್ತಿ ಗುಮ್ಮಟ ನೋಡಿದಳು.

"ಅಯ್ಯ ನಿಮ್ಮ! ಒಳಗ ಇಷ್ಟು ತಂಪೈತೇನು?" ಎಂದಳು. "ನಾ ಹೊರಗ ಗಿಡದ ಬುಡಕ ಕುಂತು ಬೆವತು ಸಾಯ್ತಿದ್ದೆ! ಎಲ್ಲರೂ ಬಂದು ಗುಮ್ಮಟದ ಸುದ್ದಿ ಹೇಳಿದ್ರಿ, ಕಮಾನಿನ ಸುದ್ದಿ ಹೇಳಿದ್ರಿ, ತಂಪೈತಂತ ಒಬ್ಬರೂ ಹೇಳ್ಲಿಲ್ಲ ನೋಡು!"

ನಕ್ಕಳು. ನಾವೂ ನಕ್ಕೆವು. ನನಗೆ ನಗು ಅರ್ಧಕ್ಕೇ ನಿಂತಿತು.

ಇಂಚರ ಗುಮ್ಮಟದ ಕೆಳಗೆ ನಿಂತು "ಇಂಚರಾ..." ಎಂದು ಕೂಗಿದಳು. ಗುಮ್ಮಟ ತುಂಬಿ ಹೆಸರು ವಾಪಸು ಬಂತು. ಚಿನ್ನು ತನ್ನದನ್ನು ಕೂಗಿ, ಬಂದ ದನಿಗೆ ತಾನೇ ಹೆದರಿ ನನ್ನ ಸೆರಗಿನಲ್ಲಿ ಅವಿತುಕೊಂಡ.

"ಈಗ ನೀನು ಅಜ್ಜಿ!"

ದೊಡ್ಡಮ್ಮ ಮೆಲ್ಲಗೆ "ಅಜ್ಜೀ..." ಎಂದಳು.

"ಅದು ಹೆಸರಲ್ಲ! ನಿನ್ನ ಹೆಸರು ಕೂಗು."

ದೊಡ್ಡಮ್ಮ ನನ್ನ ಮುಖ ನೋಡಿದಳು. ಅವಳು ಅತ್ತೆ, ದೊಡ್ಡಮ್ಮ, ಅತ್ತಿಗೆ, ಗಿರಣಿ ಮನೆ ಅಮ್ಮಾರು. ದೊಡ್ಡಪ್ಪ ಇದ್ದಾಗ "ಕೇಳಿಸ್ತೇನು?" ಎಂಬುದೇ ಅವಳ ಹೆಸರಾಗಿತ್ತು. ಅವಳನ್ನು ಹೆಸರು ಹಿಡಿದು ಕರೆಯುವ ವಯಸ್ಸಿನವರು ಯಾರೂ ಈಗ ಉಳಿದಿಲ್ಲ.

"ನಾಚಿಕಿ ಆಗ್ತೈತವ್ವ. ಯಾರರ ಕೇಳಿದ್ರ?"

"ಕೇಳ್ಲಿ ದೊಡ್ಡಮ್ಮಾ" ಎಂದೆ.

ಅವಳು ಸೆರಗು ಸರಿಮಾಡಿಕೊಂಡಳು. ಕಣ್ಣು ಮುಚ್ಚಿದಳು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಪಳಗಿದ ಆ ಗಂಟಲನ್ನು ಇಡಿಯಾಗಿ ಬಿಟ್ಟು ತನ್ನ ಹೆಸರನ್ನು ಕೂಗಿದಳು. ಹೊರಗೆ ಫೋಟೊ ತೆಗೆಯುತ್ತಿದ್ದವರು ತಿರುಗಿ ನೋಡಿದರು. ಗುಮ್ಮಟ ಅದನ್ನು ಒಂದಕ್ಷರ ಕಡಿಮೆ ಮಾಡದೆ ಅವಳಿಗೆ ಒಪ್ಪಿಸಿತು. ದೊಡ್ಡಮ್ಮ ಕಣ್ಣು ತೆರೆದು, ಯಾರೋ ಕರೆದರೆಂಬಂತೆ ಮೇಲೆ ನೋಡುತ್ತಾ ನಿಂತಳು.

ಆಮೇಲೆ ಮಕ್ಕಳ ಕೈ ಬಿಡಿಸಿಕೊಂಡು, ತಾನೇ ಮುಂದಾಗಿ, ಎರಡನೇ ಕೋಣೆಗೆ ನಡೆದಳು. ಅಲ್ಲೂ ಕೂಗಿದಳು. ಮೂರನೆಯದರಲ್ಲಿ ಇನ್ನೂ ಜೋರಾಗಿ. ನಾವು ನಾಲ್ವರು ಹುಲ್ಲಿನ ಮೇಲೆ ನಿಂತು ಕೇಳುತ್ತಿದ್ದೆವು. ಹನ್ನೊಂದೂ ಕೋಣೆ ಮುಗಿಯುವವರೆಗೆ ಅವಳು ಹೊರಗೆ ಬರಲಿಲ್ಲ.